ಮನೆಯೊಳಗಿನ ಕೊಡಗು

ಕೊಡಗಿಗೆ ಬಂದವರು ರಾಜಾಸೀಟು, ಅಬ್ಬಿ ಜಲಪಾತ, ಕಾಫಿ ತೋಟ ನೋಡಿ ಮರಳುತ್ತಾರೆ. ಮುಂದಿನ ಸಲ ನೀವು ಬಂದಾಗ ವಿರಾಜಪೇಟೆಯ ಸಂತೆಯಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಡಿ. ತಲೆತುಂಬ ಸೆರಗು ಹೊದ್ದ ಅಜ್ಜಿಯೊಬ್ಬರು ಮೊಮ್ಮಗಳೊಡನೆ ಕೊಡವ ತಕ್ಕ್‌ನಲ್ಲಿ ಮಾತಾಡುವುದು ಕೇಳಿಸೀತು. ಅವರು ಕೊಡವ ಮುಸ್ಲಿಮರು. ಜಮ್ಮಾ ಮಾಪಿಳೆಗಳೆಂದೂ ಕರೆಯುವುದುಂಟು. ಕೊಡವರಂತೆ ಅವರಿಗೂ ಮನೆತನದ ಹೆಸರುಗಳಿವೆ.

ಇದೇ ಜಿಲ್ಲೆಯಲ್ಲಿ ಮಲಯಾಳಂ, ಬ್ಯಾರಿ, ಉರ್ದು ಆಡುವ ಮುಸ್ಲಿಮರೂ ಇದ್ದಾರೆ. ಘಟ್ಟ ಹತ್ತಿ ಬಂದ ಹಿರಿಯರು ತಮ್ಮ ಮಾತನ್ನೂ ಜೊತೆಗೆ ತಂದರು. ಮಸೀದಿಯಲ್ಲಿ ಎಲ್ಲರೂ ಒಂದೇ ಸಾಲು. ಮನೆ ಸೇರಿದ ಮೇಲೆ ಮಾತು ಬೇರೆ ಬೇರೆ.

2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ತಾಯ್ನುಡಿ ಎಂದು ಬರೆಸಿದವರು ದೇಶದಲ್ಲೆಲ್ಲ ಸೇರಿ 1,13,857 ಮಂದಿ. ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲೂ ಅದಿದೆ. ಅಷ್ಟು ಚಿಕ್ಕ ನುಡಿಯೊಳಗೆ ಇವರದು ಇನ್ನೂ ಚಿಕ್ಕ ಗುಂಪು. ಮಗುವಿಗೆ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಹಲವು ಮದ್ರಸಗಳಲ್ಲಿ ಮಲಯಾಳಂ. ಅಜ್ಜಿಯ ಮಾತಿಗೆ ಉಳಿದಿರುವುದು ಅಡುಗೆಮನೆ ಮಾತ್ರ. ಅಲ್ಲೂ ನಿಂತರೆ ಮತ್ತೆಲ್ಲಿ?

ಧರ್ಮಕ್ಕೂ ಮನೆಮಾತಿಗೂ ಜಗಳವಿಲ್ಲ. ನಿಮ್ಮ ಮನೆಮಾತು ಯಾವುದೇ ಇರಲಿ, ಇಂದು ರಾತ್ರಿ ಮಕ್ಕಳನ್ನು ಅದರಲ್ಲೇ ಊಟಕ್ಕೆ ಕರೆಯಿರಿ.