ಅಮ್ಮನ ಪಾಲಿನ ಸೀಸೆ

ಕಳೆದ ಡಿಸೆಂಬರಿನಲ್ಲಿ ನಾವು ದೆಹಲಿಯಿಂದ ಮೈಸೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಸುಮಾರು 120 ಕಿಲೋಮೀಟರು ಸಾಗಿ ಮಡಿಕೇರಿಯನ್ನು ಸೇರಿದೆವು. ಸ್ನೇಹಿತರ ತೋಟದಲ್ಲಿ ಕೊಯ್ಲು ನಡೆದಿತ್ತು; ಕಣದ ತುಂಬ ಕಾಫಿ ಹಣ್ಣು ಒಣಗುತ್ತಿತ್ತು. ಅಡಿಗೆಮನೆಯ ಗೂಡಿನಲ್ಲಿ ಕಂದುಬಣ್ಣದ ಸೀಸೆಗಳ ಸಾಲು. ಹುತ್ತರಿಗೆ ಬರುವ ನೆಂಟರಿಗೆ ಕೊಡಲೆಂದು ಸ್ನೇಹಿತರ ತಾಯಿ ಮಾಡಿಟ್ಟ ಕಾಫಿ ಲಿಕ್ಯೂರ್ ಅದು.

ಗಟ್ಟಿ ಡಿಕಾಕ್ಷನ್ನಿಗೆ ಸಕ್ಕರೆ ಹಾಕಿ ಕುದಿಸಬೇಕು. ಪೂರ್ತಿ ಆರಿದ ಮೇಲೆ ರಮ್ ಬೆರೆಸಿ, ಒಂದು ವೆನಿಲಾ ಕೋಡು ಹಾಕಿ, ಬಿರಡೆ ಬಿಗಿದು, ಮೂರು ವಾರ ಕತ್ತಲಲ್ಲಿಡಬೇಕು. “ಬಿಸಿಯಲ್ಲೇ ಸುರಿದರೆ ರಮ್ಮಿನ ಸತ್ವವೆಲ್ಲ ಆವಿಯಾದೀತು” ಎಂದು ಎಚ್ಚರಿಸಿದರು.

ಹೊರಡುವಾಗ ಒಂದು ಸೀಸೆಯನ್ನು ಕಾಗದದಲ್ಲಿ ಸುತ್ತಿ ನಮ್ಮ ಕೈಗಿತ್ತರು. ನಮಗೆ ಸಂಕಟಕ್ಕಿಟ್ಟುಕೊಂಡಿತು. ನಮ್ಮ ತಾಯಿಯವರು ಮದ್ಯವನ್ನು ಹೊಸ್ತಿಲು ದಾಟಗೊಟ್ಟವರಲ್ಲ. ಹಿರಿಯರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದಾದರೂ ಹೇಗೆ? ತಡವರಿಸುತ್ತ ನಿಜವನ್ನೇ ಹೇಳಿದೆವು. ಆ ತಾಯಿ ನಕ್ಕು ಒಳಗೆ ಹೋಗಿ, ಬೇರೊಂದು ಸೀಸೆ ತಂದರು: ರಮ್ ಸೇರಿಸದ ಬರಿಯ ಕಾಫಿ ಪಾಕ.

“ಇದು ನಿಮ್ಮ ಅಮ್ಮನಿಗೆ. ಬಹಳ ದಿನ ಇಡಬೇಡಿ, ಬಿಸಿಹಾಲಿಗೆ ಬೆರೆಸಿ ಕೊಡಿ.”

ದೆಹಲಿಯ ಚಳಿಯಲ್ಲಿ ಅಮ್ಮ ಒಂದು ಗುಟುಕು ಕುಡಿದು, ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಳಿತರು. ಆಮೇಲೆ ಹೇಳಿದರು:

“ಆಕೆಗೆ ನಮ್ಮ ಚಟ್ನಿಪುಡಿ ಕಳಿಸಬೇಕು. ಆಕೆ ಬೆಳ್ಳುಳ್ಳಿ ತಿನ್ನುತ್ತಾರೋ ಇಲ್ಲವೋ, ಮೊದಲು ಕೇಳಿ ಬರೆಯಿರಿ.”