ಡ್ರೆಸ್ಡೆನ್ನಿನ ಕರಿಕಲ್ಲುಗಳು

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ರಾಜಧಾನಿಯಾದ ಡ್ರೆಸ್ಡೆನ್ ನಗರವನ್ನು ಸಂದರ್ಶಿಸುವ ಅವಕಾಶ ನನಗೊದಗಿದ್ದು ಅಲ್ಲಿ ಉದ್ಯೋಗದಲ್ಲಿರುವ ಮಗಳಿಂದಾಗಿ. ಎಲ್ಬೆ ನದಿಯ ದಡದ ಈ ನಗರ ಚಿತ್ರಕಲೆಗೂ ಬರೋಕ್ ಶೈಲಿಯ ಕಟ್ಟಡಗಳಿಗೂ ಹೆಸರಾದುದು. ಕಲೆಯನ್ನು ನೋಡಲು ಹೋದ ನಾನು ನನ್ನದೇ ಒಂದು ತಪ್ಪನ್ನು ನೆನೆಯುತ್ತ ಮರಳಿದೆ.

ಮೊದಲು ನೋಡಿದ್ದು ಜ್ವಿಂಗರ್ ಸೌಧ. ಹದಿನೆಂಟನೆಯ ಶತಮಾನದ ಆದಿಯಲ್ಲಿ ವಾಸ್ತುಶಿಲ್ಪಿ ಪೊಪ್ಪೆಲ್‌ಮನ್ ಮತ್ತು ಶಿಲ್ಪಿ ಪರ್ಮೋಸರ್ ಇದನ್ನು ರೂಪಿಸಿದರು. ರಫೇಲನ 'ಸಿಸ್ಟೀನ್ ಮಡೋನಾ' ಚಿತ್ರ ಇಲ್ಲಿಯೇ ಇದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದುವು ಪಿಂಗಾಣಿ ಸಂಗ್ರಹದಲ್ಲಿರುವ ಎತ್ತರದ ನೀಲಿ-ಬಿಳಿ ಚೀನೀ ಹೂಜಿಗಳು. 1717ರಲ್ಲಿ 'ಬಲಾಢ್ಯ'ನೆಂದು ಖ್ಯಾತನಾದ ಅಗಸ್ಟಸ್ ದೊರೆಯು ಪ್ರಷ್ಯದ ದೊರೆಗೆ 600 ಮಂದಿ ಸೈನಿಕರನ್ನು ಕೊಟ್ಟು 151 ಪಿಂಗಾಣಿ ಪಾತ್ರೆಗಳನ್ನು ಪಡೆದನಂತೆ. ಅಂದರೆ ಒಂದು ಪಾತ್ರೆಗೆ ಸುಮಾರು ನಾಲ್ವರು ಮನುಷ್ಯರು! ಪರಿಗ್ರಹವು ವಸ್ತುವಿನಲ್ಲಿಲ್ಲ, ಅದರ ಮೇಲಣ ಮೂರ್ಛೆಯಲ್ಲಿದೆಯೆಂದು ನಮ್ಮ ಆಚಾರ್ಯರು ಏಕೆ ತಿಳಿಸಿದರೆಂಬುದು ಅಲ್ಲಿ ಮನದಟ್ಟಾಯಿತು.

ಅಲ್ಲಿಂದ ಫ್ರಾವೆನ್‌ಕಿರ್ಖೆ ಎಂಬ ಚರ್ಚಿಗೆ ಹೋದೆವು. ಗೇಯೋರ್ಗ್ ಬೇರ್ ಎಂಬ ಸ್ಥಪತಿಯ ಯೋಜನೆಯಂತೆ 1726ರಿಂದ 1743ರವರೆಗೆ ಕಟ್ಟಿದ ಇದರ ಕಲ್ಲಿನ ಗುಮ್ಮಟ ಎರಡು ಶತಮಾನ ನಿಂತಿತ್ತು. 1945ರ ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳೂ ಬಳಿಕ ಅಮೆರಿಕದ ವಿಮಾನಗಳೂ ನಗರದ ಮೇಲೆ ಬಾಂಬು ಸುರಿಸಿದುವು. 25,000ದಷ್ಟು ಜನ ಮಡಿದರು. ಬೆಂಕಿಯಲ್ಲಿ ಬೆಂದ ಗುಮ್ಮಟ 15ರ ಬೆಳಿಗ್ಗೆ ಕುಸಿಯಿತು. ಆದರೆ ಈ ನಗರಕ್ಕೆ ಬೆಂಕಿ ಬಿದ್ದುದು ಆಗಲೇ ಮೊದಲಲ್ಲ. 1938ರ ನವೆಂಬರಿನಲ್ಲಿ ನಾಜಿಗಳು ಇದೇ ಊರಿನ ಯಹೂದಿಗಳ ಪ್ರಾರ್ಥನಾಮಂದಿರವನ್ನು ಸುಟ್ಟಿದ್ದರು. 1940ರಲ್ಲಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕಾವೆಂಟ್ರಿ ನಗರವನ್ನು ಸುಟ್ಟಿದ್ದುವು. ಹಿಂಸೆಗೆ ಹಿಂಸೆಯೇ ಉತ್ತರವಾದಾಗ ಬೇಯುವವರು ಮಕ್ಕಳು, ಮುದುಕರು.

ನಾಲ್ಕು ದಶಕಗಳಿಗೂ ಮಿಕ್ಕಿ ಆ ಕಲ್ಲಿನ ರಾಶಿ ಸ್ಮಾರಕವಾಗಿಯೇ ಉಳಿಯಿತು. 1994ರಲ್ಲಿ ಪುನರ್ನಿರ್ಮಾಣ ಆರಂಭವಾಗಿ 2005ರ ಅಕ್ಟೋಬರ್ 30ರಂದು ಚರ್ಚು ಮತ್ತೆ ತೆರೆಯಿತು. ರಾಶಿಯಿಂದ ಆಯ್ದ ಸಾವಿರಾರು ಕಲ್ಲುಗಳನ್ನು ಅಳೆದು, ಗುರುತು ಹಾಕಿ, ಸಾಧ್ಯವಾದುವನ್ನು ಹಿಂದಿದ್ದ ಸ್ಥಳದಲ್ಲಿಯೇ ಕೂಡಿಸಿದರು. ಹೊಸ ಮರಳುಗಲ್ಲು ತಿಳಿಹಳದಿ, ಹಳೆಯದು ಕಪ್ಪು. ಗೋಡೆಯ ತುಂಬ ಗಾಯದ ಕಲೆಗಳಂತೆ ಕಾಣುತ್ತವೆ. ಗುಮ್ಮಟದ ತುದಿಯ ಸ್ವರ್ಣವರ್ಣದ ಶಿಲುಬೆ ಬ್ರಿಟನ್ನಿನ ಕೊಡುಗೆ. ಅದನ್ನು ಮಾಡಿದ ಅಕ್ಕಸಾಲಿಗನ ತಂದೆ ಆ ದಾಳಿಯಲ್ಲಿ ವಿಮಾನ ನಡೆಸಿದವನು! ಕ್ಷಮೆಯನ್ನು ಬಾಯಿಮಾತಿನಲ್ಲಿ ಬೇಡದೆ ಕೈಯಾರೆ ದುಡಿದು ಬೇಡಿದ ರೀತಿ ಅದು.

ಆ ಕರಿಕಲ್ಲುಗಳ ಎದುರು ನಮ್ಮೂರ ಬಸದಿ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಅದರ ಜೀರ್ಣೋದ್ಧಾರ ಸಮಿತಿಯಲ್ಲಿ ನಾನಿದ್ದೆ. ಹಳೆಯ ಕಲ್ಲುಗಳನ್ನು ತೆಗೆದು ಹೊಳೆಯುವ ಅಮೃತಶಿಲೆ ಹಾಕಿಸಲು ಹೊರಟಾಗ ಹಿರಿಯ ಶ್ರಾವಕರೊಬ್ಬರು ಬೇಡವೆಂದರು. ತುಂಬಿದ ಸಭೆಯಲ್ಲಿ ನಾನು ಅವರನ್ನು ಹಾಸ್ಯ ಮಾಡಿದೆ. ಅಂದಿನಿಂದ ಅವರು ಸಭೆಗೆ ಬರಲಿಲ್ಲ. ಪ್ರತಿವರ್ಷ ಕ್ಷಮಾವಾಣಿಯ ದಿನ ದೂರದ ಬಂಧುಗಳಿಗೆಲ್ಲ ಪತ್ರ ಬರೆದೆ. ಎರಡು ಬೀದಿಯಾಚೆಯ ಆ ಮನೆಯ ಮೆಟ್ಟಿಲು ಮಾತ್ರ ಹತ್ತಲಿಲ್ಲ. ಮಾನಕಷಾಯಕ್ಕೆ ಎರಡು ಬೀದಿಯೂ ಸಮುದ್ರವೇ.

ಊರಿಗೆ ಮರಳಿದ ಮರುದಿನವೇ ಹೋಗಿ ಕೈಮುಗಿದು, "ನಾನು ಆಡಬಾರದ ಮಾತಾಡಿದೆ, ಕ್ಷಮಿಸಬೇಕು" ಎಂದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನದು ಹಾಗಿರಲಪ್ಪ. ಕಲ್ಲುಗಳು ಇನ್ನೂ ಬಸದಿಯ ಹಿತ್ತಿಲಲ್ಲೇ ಬಿದ್ದಿವೆ. ಬಾ, ನೋಡೋಣ" ಎಂದು ಕೋಲು ಕೈಗೆತ್ತಿಕೊಂಡರು.

ಹುಲ್ಲು ಸರಿಸಿ ಎಣಿಸಿದೆವು. ಇಪ್ಪತ್ತೆರಡು ಕಲ್ಲುಗಳು ಗಟ್ಟಿಯಾಗಿದ್ದುವು. ಜೀರ್ಣೋದ್ಧಾರಕ್ಕೆ ಕೈಹಾಕುವ ಟ್ರಸ್ಟಿನ ಬಂಧುಗಳಲ್ಲಿ ನನ್ನದೊಂದೇ ವಿನಂತಿ: ಕಲ್ಲನ್ನು ಕೀಳುವ ಮೊದಲು, ಅದು ಉಳಿಯಲೆಂದು ಬೇಡುವವರ ಮಾತನ್ನು ಒಮ್ಮೆ ಕುಳಿತು ಕೇಳಿರಿ.