ಶಿವನಸಮುದ್ರಕ್ಕೆ ಎರಡು ಕ್ಯಾಮೆರಾ ಹೊತ್ತು ಹೋದೆ

ಎರಡು ವರ್ಷದಿಂದ ತಿಂಗಳಿಗೆ ಇಷ್ಟು ಅಂತ ಎತ್ತಿಟ್ಟ ದುಡ್ಡು ಕೊನೆಗೂ ಎರಡು ಲಕ್ಷದ ಹತ್ತಿರ ಬಂದಿತ್ತು. ಫುಲ್ ಫ್ರೇಮ್ ಕ್ಯಾಮೆರಾ ತಗೋಬೇಕು ಅನ್ನೋದು ಹಳೇ ಆಸೆ. ನನ್ನ ಹತ್ತಿರ ಇರೋದು ಮೊದಲ ಕೆಲಸ ಸಿಕ್ಕಾಗ ಕೊಂಡ ಕ್ರಾಪ್ ಸೆನ್ಸರ್ ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸು, ಆಮೇಲೆ ಸೇರಿಸಿದ 55-250. ಆನ್‌ಲೈನ್‌ನಲ್ಲಿ ಕಾರ್ಟಿಗೆ ಹಾಕುವುದು, ತೆಗೆಯುವುದು, ಇದೇ ಆಟ ಮೂರು ತಿಂಗಳು ನಡೆಯಿತು. ಕೊನೆಗೆ ಒಂದು ದಿನದ ಮಟ್ಟಿಗೆ ಫುಲ್ ಫ್ರೇಮ್ ಬಾಡಿ ಮತ್ತು 24-105 ಎಫ್/4 ಲೆನ್ಸು ಬಾಡಿಗೆಗೆ ತಂದು, ಅಕ್ಟೋಬರ್‌ನ ಒಂದು ಶನಿವಾರ ಬೆಳಗಿನ ಜಾವ ಕನಕಪುರ, ಹಲಗೂರು ದಾರಿ ಹಿಡಿದೆ. ಜೊತೆಗೆ ಅಪ್ಪ. ನಮ್ಮೂರು ಮಳವಳ್ಳಿ ಪಕ್ಕದ ಹಳ್ಳಿ. ಸಂಜೆ ಅಜ್ಜಿಯನ್ನು ನೋಡಿಕೊಂಡು ಬರೋಣ ಅನ್ನೋದು ಅಪ್ಪನ ಲೆಕ್ಕ.

ಬೆಂಗಳೂರಿನಿಂದ ಶಿವನಸಮುದ್ರ ಸುಮಾರು 130 ಕಿಲೋಮೀಟರ್. ಕಾವೇರಿ ಇಲ್ಲಿ ಎರಡಾಗಿ ಸೀಳಿ ನಡುವೆ ಒಂದು ದ್ವೀಪ ಮಾಡುತ್ತಾಳೆ. ಪಡುವಣದ ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಮೂಡಣದ್ದು ಭರಚುಕ್ಕಿ. ಗಗನಚುಕ್ಕಿ ನೋಡುವ ಕಟ್ಟೆ ಮಂಡ್ಯ ಜಿಲ್ಲೆಯಲ್ಲಿ, ಭರಚುಕ್ಕಿ ಚಾಮರಾಜನಗರ ಜಿಲ್ಲೆಯಲ್ಲಿ. ನಡುವಿನ ದ್ವೀಪದಲ್ಲಿ ಮಧ್ಯರಂಗನ ಗುಡಿ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗ, ಇವರಿಬ್ಬರ ನಡುವಿನವನು ಇವನು.

ಗಗನಚುಕ್ಕಿಯ ವೀಕ್ಷಣಾ ಗೋಪುರಕ್ಕೆ ಬಂದಾಗ ಏಳೂವರೆ. ಮಳೆಗಾಲದ ಅಬ್ಬರ ಇಳಿದಿದ್ದರೂ ನೀರು ಚೆನ್ನಾಗಿಯೇ ಇತ್ತು. ಟ್ರೈಪಾಡ್ ಊರಿ, ಎರಡೂ ಕ್ಯಾಮೆರಾದಲ್ಲಿ ಒಂದೇ ಫ್ರೇಮ್ ಬರುವ ಹಾಗೆ ಹೊಂದಿಸಿದೆ. ಐಎಸ್‌ಒ 100, ಮುಂದೆ ಆರು ಸ್ಟಾಪಿನ ಎನ್‌ಡಿ ಫಿಲ್ಟರ್. ಫಿಲ್ಟರ್ ಇಲ್ಲದಾಗ ಸೆಕೆಂಡಿನ ಅರವತ್ತನೇ ಒಂದು ಭಾಗ ಬೇಕಿದ್ದ ಶಟರ್ ಈಗ ಒಂದು ಸೆಕೆಂಡು ತೆರೆದಿತ್ತು. ನೀರು ಹಾಲಿನ ಹಾಗೆ ಇಳಿಯಿತು.

ಇಲ್ಲಿ ಒಂದು ಸಣ್ಣ ಲೆಕ್ಕ. ಫುಲ್ ಫ್ರೇಮ್ ಅಂದರೆ ಹಳೇ 35 ಎಂಎಂ ಫಿಲ್ಮಿನ ಒಂದು ಚೌಕಟ್ಟಿನಷ್ಟು, 36×24 ಮಿ.ಮೀ. ಸೆನ್ಸರ್. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಜನಪ್ರಿಯವಾದ ಅಳತೆ ಅದು. ಕ್ರಾಪ್ ಸೆನ್ಸರ್ ಸುಮಾರು 23.5×15.6 ಮಿ.ಮೀ., ಕೆಲವು ಕಂಪನಿಗಳಲ್ಲಿ ಇನ್ನೂ ಚೂರು ಚಿಕ್ಕದು. ವಿಸ್ತೀರ್ಣ ನೋಡಿದರೆ ದೊಡ್ಡದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅಂದರೆ ಅದೇ ಎಫ್ ನಂಬರ್, ಅದೇ ಶಟರ್ ಇಟ್ಟರೆ ಅದಕ್ಕೆ ಸಿಗೋ ಒಟ್ಟು ಬೆಳಕು ಒಂದು ಸ್ಟಾಪು ಚಿಲ್ಲರೆ ಜಾಸ್ತಿ. ಫುಲ್ ಫ್ರೇಮಿನ ಬಹುಪಾಲು ಮಹಿಮೆ ಈ ಒಂದು ಸ್ಟಾಪಿನಲ್ಲೇ ಇದೆ.

ಎರಡೂ ಫೋಟೋನ ಮೊಬೈಲಿಗೆ ಕಳಿಸಿ ಅಪ್ಪನ ಕೈಗೆ ಕೊಟ್ಟೆ. "ಯಾವುದಪ್ಪ ಚೆನ್ನಾಗಿದೆ?" ಅಪ್ಪ ಕನ್ನಡಕ ಮೇಲೇರಿಸಿ ಹಿಂದೆ ಮುಂದೆ ಮಾಡಿ ನೋಡಿದರು. "ಎರಡೂ ಒಂದೇ ಅಲ್ವಾ ಪುಟ್ಟ? ಅದೇ ಫೋಟೋ ಎರಡು ಸಲ ಕಳಿಸಿದ್ದೀಯ." ಆಮೇಲೆ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ, ಬಂಡೆ ಸಂದಿಯ ಕತ್ತಲನ್ನು ಮೇಲೆತ್ತಿ ನೋಡಿದಾಗ ಫುಲ್ ಫ್ರೇಮಿನದು ಸ್ವಲ್ಪ ಶುಭ್ರವಾಗಿತ್ತು, ನಿಜ. ಅದನ್ನು ಕಾಣೋಕೆ ನಾನು ಹುಡುಕಬೇಕಾಯಿತು.

ಗೋಪುರದಿಂದ ಕೆಳಗೆ ವಿದ್ಯುತ್ ಕೇಂದ್ರ ಕಾಣುತ್ತದೆ. ಈ ಕಡೆಯವರ ಬಾಯಲ್ಲಿ ಈ ಜಾಗ ಇವತ್ತಿಗೂ 'ಬ್ಲಫ್'. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ, 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದೂ ಇದೇ ನೀರಿನಿಂದ. ದೊಡ್ಡ ಪೈಪುಗಳ ಹತ್ತಿರದ ನೋಟ ಬೇಕೆನಿಸಿತು. ಬಾಡಿಗೆಯ 24-105 ಅಷ್ಟು ದೂರ ಎಳೆಯಲಿಲ್ಲ. ನನ್ನ ಹಳೇ 55-250 ಕ್ರಾಪ್ ಬಾಡಿಯ ಮೇಲೆ 400ರ ಹತ್ತಿರದ ಲೆನ್ಸಿನ ನೋಟ ಕೊಡುತ್ತದೆ. ಅಷ್ಟೇ ನೋಟ ಫುಲ್ ಫ್ರೇಮಿನಲ್ಲಿ ಬೇಕು ಅಂದರೆ ಲೆನ್ಸಿನ ಬೆಲೆಯೂ ತೂಕವೂ ಎರಡೂ ಏರುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನೋಡೋಕೆ ಹೋಗುವವರು ಇದನ್ನು ನೆನಪಿಡಿ. ಹಕ್ಕಿಗೆ ಕ್ರಾಪ್ ಒಂದು ಅನುಕೂಲವೇ.

ರಸ್ತೆ ಸುತ್ತಿ ಭರಚುಕ್ಕಿಗೆ ಹೋದೆವು. ದಾರಿಯಲ್ಲಿ ಕಲ್ಲುಕಂಬಗಳ ಹಳೇ ಸೇತುವೆ ಸಿಗುತ್ತದೆ, 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಗಿದೆ. ಭರಚುಕ್ಕಿ ಅಗಲಕ್ಕೆ ಹರಡಿಕೊಂಡು ಬೀಳುವ ನೀರು. ಅಲ್ಲೂ ಫಲಿತಾಂಶ ಅದೇ. ಹೆಗಲಿಗೆ ಮಾತ್ರ ಫುಲ್ ಫ್ರೇಮಿನ ಭಾರ ಚೆನ್ನಾಗಿ ಗೊತ್ತಾಯಿತು.

ಸಂಜೆ ಆರೂವರೆಗೆ ಊರು ತಲುಪಿದಾಗ ಅಜ್ಜಿ ನಡುಮನೆಯ ಒಂದೇ ಬಲ್ಬಿನ ಕೆಳಗೆ ಮೊರ ಹಿಡಿದು ಅಕ್ಕಿ ಕೇರುತ್ತಾ ಕೂತಿದ್ದರು. ಎರಡು ಕ್ಯಾಮೆರಾ ನೋಡಿ, "ಇದೇನವ್ವ, ಎರಡೆರಡು?" ಅಂದರು. ಹೊಸದರ ಬೆಲೆ ಹೇಳಿದೆ.

"ಎರಡು ಲಕ್ಸನಾ? ಒಂದು ಜೊತೆ ಹಳ್ಳಿಕಾರ್ ಎತ್ತು ಬತ್ತವಲ್ಲವ್ವ!"

ಅಪ್ಪ ನಕ್ಕರು. ನಾನು ಗೋಡೆ ನೋಡಿದೆ. ಅಲ್ಲಿ ತಾತನ ಫೋಟೋ. ಆರು ವರ್ಷದ ಹಿಂದೆ ತಾತ ತೀರಿಕೊಂಡಾಗ ಚೌಕಟ್ಟಿಗೆ ಹಾಕಲು ಒಂದು ಒಳ್ಳೆ ಫೋಟೋ ಇರಲಿಲ್ಲ. ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಕಣ್ಣು ಮಂಜು, ಪಕ್ಕದಲ್ಲಿ ಯಾರದೋ ಭುಜ. ಆಗಲೂ ನನ್ನ ಹತ್ತಿರ ಕ್ಯಾಮೆರಾ ಇತ್ತು. ಅದರಲ್ಲಿ ಜಲಪಾತ ಇತ್ತು, ಬೆಟ್ಟ ಇತ್ತು, ಸೂರ್ಯಾಸ್ತ ಇತ್ತು, ತಾತ ಇರಲಿಲ್ಲ.

ಅಜ್ಜಿಗೆ ಈಗ 84. ಎರಡೂ ಕ್ಯಾಮೆರಾ ತೆಗೆದೆ. ನನ್ನ ಕ್ಯಾಮೆರಾದಲ್ಲಿ 18-55 ಲೆನ್ಸಿಗೆ 35 ಎಂಎಂನಲ್ಲಿ ಎಫ್/4.5ಕ್ಕಿಂತ ಹೆಚ್ಚು ತೆರೆಯಲಾಗಲಿಲ್ಲ. ಕೈ ನಡುಗದ ಹಾಗೆ 1/60ರಲ್ಲಿ ತೆಗೆಯಲು ಐಎಸ್‌ಒ 6400 ಬೇಕಾಯಿತು. ಅಜ್ಜಿಯ ಕೆನ್ನೆಯ ಗೆರೆಗಳೆಲ್ಲ ರವೆ ಚೆಲ್ಲಿದ ಹಾಗೆ. ಫುಲ್ ಫ್ರೇಮಿನಲ್ಲಿ ಗೆರೆ ಗೆರೆಯಾಗಿಯೇ ಬಂತು. ಇಡೀ ದಿನದಲ್ಲಿ ಮೊದಲ ಸಲ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಮೊಬೈಲಿನಲ್ಲಿ ಅಪ್ಪನಿಗೂ ಗೊತ್ತಾಯಿತು. "ಇದನ್ನ ತಗೊಂಬಿಡು" ಅಂದರು. ನನ್ನ ಮನಸ್ಸೂ ಕಾರ್ಟಿನ ಕಡೆ ಓಡಿತು.

ವಾಪಸು ಬರುವಾಗ ದಾರಿಯಲ್ಲಿ ಇನ್ನೊಂದು ಲೆಕ್ಕ ತಲೆಗೆ ಬಂತು. ಬೇಕಾಗಿದ್ದದ್ದು ಬೆಳಕು. ದೊಡ್ಡ ಸೆನ್ಸರ್ ಕೊಡುವುದು ಒಂದು ಸ್ಟಾಪು ಚಿಲ್ಲರೆ. ಎಫ್/4.5ರಿಂದ ಎಫ್/1.8ಕ್ಕೆ ಹೋದರೆ ಸಿಗುವುದು ಎರಡೂವರೆ ಸ್ಟಾಪಿಗೂ ಹೆಚ್ಚು. ಐಎಸ್‌ಒ 6400 ಬೇಕಿದ್ದಲ್ಲಿ 1000 ಸಾಕು! 35 ಎಂಎಂ ಎಫ್/1.8 ಲೆನ್ಸಿಗೆ ನಾನು ಕೂಡಿಟ್ಟ ದುಡ್ಡಿನ ಹತ್ತರಲ್ಲೊಂದು ಭಾಗ, ಹೆಚ್ಚೆಂದರೆ ಏಳರಲ್ಲೊಂದು ಭಾಗ. ಸಹೋದ್ಯೋಗಿಯೊಬ್ಬರ ಹತ್ತಿರ ಅಂಥದ್ದೇ ಇತ್ತು. ಕೇಳಿ ತಗೊಂಡು ದೀಪಾವಳಿಗೆ ಊರಿಗೆ ಹೋದೆ.

ಅದೇ ನಡುಮನೆ, ಅದೇ ಬಲ್ಬು, ಅದೇ ಹಳೇ ಕ್ಯಾಮೆರಾ. ಈ ಸಲ ಅಜ್ಜಿಯ ಕಣ್ಣಿನಲ್ಲಿ ಬಾಗಿಲ ದೀಪದ ಚುಕ್ಕಿಯೂ ಬಂತು. ಒಂದು ತೊಂದರೆ ಇದೆ: ಇಷ್ಟು ತೆರೆದ ಲೆನ್ಸಿನಲ್ಲಿ ಒಬ್ಬರ ಮುಖಕ್ಕೆ ಫೋಕಸ್ ಮಾಡಿದರೆ ಹಿಂದೆ ಕೂತವರು ಮಂಜಾಗುತ್ತಾರೆ. ಅಪ್ಪ, ಅಜ್ಜಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಕಾಯಿತು.

ಹಾಗಾದರೆ ಫುಲ್ ಫ್ರೇಮ್ ಯಾರಿಗೂ ಬೇಡವಾ? ಹಾಗಲ್ಲ. ಛತ್ರದ ಮಂದ ಬೆಳಕಿನಲ್ಲಿ ಮದುವೆ ತೆಗೆದು ಸಂಪಾದಿಸುವವರಿಗೆ, ರಾತ್ರಿಯ ಆಕಾಶ ತೆಗೆಯುವವರಿಗೆ, ಗೋಡೆಯಗಲದ ಪ್ರಿಂಟ್ ಹಾಕಿಸುವವರಿಗೆ ಆ ಒಂದು ಸ್ಟಾಪು ದುಡ್ಡಿಗೆ ಸಮ. ಒಳ್ಳೆ ಲೆನ್ಸು ಆಗಲೇ ಇದ್ದು, ಅದೂ ಸಾಲದೆ ಬಂದವರಿಗೂ ಸರಿ. ಆದರೆ ಬಾಡಿ ಒಂದನ್ನೇ ಬದಲಿಸಿದರೆ ಮುಗಿಯಲಿಲ್ಲ ಅನ್ನೋದು ಗೊತ್ತಿರಲಿ. ಕ್ರಾಪಿಗೆಂದೇ ಮಾಡಿದ ಲೆನ್ಸು ಫುಲ್ ಫ್ರೇಮಿಗೆ ಕೂತರೂ ಸಾಮಾನ್ಯವಾಗಿ ಸೆನ್ಸರಿನ ನಡುಭಾಗವನ್ನಷ್ಟೇ ತುಂಬುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮಾರು 10ಕ್ಕೆ ಇಳಿಯುತ್ತದೆ. ಹಾಗಾಗಿ ಬಾಡಿಯ ಬೆಲೆ ನೋಡಿ ಲೆಕ್ಕ ಹಾಕಬೇಡಿ, ಲೆನ್ಸು ಸೇರಿಸಿ ಹಾಕಿ. ಅದಕ್ಕೂ ಮುಂಚೆ ಒಂದು ದಿನ ಬಾಡಿಗೆಗೆ ತಂದು, ನೀವು ನಿಜವಾಗಿ ಏನು ತೆಗೆಯುತ್ತೀರೋ ಅದನ್ನೇ ತೆಗೆದು ನೋಡಿ.

ನಾನು ಆ ಲೆನ್ಸು ಕೊಂಡೆ. ಉಳಿದ ದುಡ್ಡು ಬ್ಯಾಂಕಿನಲ್ಲಿದೆ. ಅಜ್ಜಿಯ ಫೋಟೋನ 12×18 ಇಂಚಿಗೆ ಪ್ರಿಂಟ್ ಹಾಕಿಸಿದೆ, 24 ಮೆಗಾಪಿಕ್ಸೆಲ್‌ಗೆ ಆ ಅಳತೆ ಆರಾಮ. ಅಜ್ಜಿ ಅದನ್ನು ಹಿಡಿದು ತುಂಬಾ ಹೊತ್ತು ನೋಡಿ, "ನಾ ಇಷ್ಟು ಮುದುಕಿ ಆಗಿವ್ನಾ?" ಅಂದರು. ಆಮೇಲೆ ತಾತನ ಫೋಟೋ ಪಕ್ಕ ಮೊಳೆ ಹೊಡೆಯೋಕೆ ಹೊರಟ ಅಪ್ಪನನ್ನು ತಡೆದು, ಅದನ್ನು ಬೀರುವಿನಲ್ಲಿ ಸೀರೆಗಳ ಮಧ್ಯೆ ಇಟ್ಟರು. "ಈಗ್ಲೇ ಯಾಕೆ ಗೋಡೆಗೆ? ಇನ್ನೂ ಇವ್ನಿ ನಾನು."

ಹೋಗುವವರಿಗೆ: ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟ ಸುದ್ದಿ ನೋಡಿಕೊಂಡು ಹೊರಡಿ. ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್ ಒಳ್ಳೆ ಸಮಯ. ಬೇಲಿ ದಾಟಿ ಬಂಡೆಗಿಳಿಯಬೇಡಿ. ಲೆನ್ಸು ಒರೆಸಲು ಒಣ ಬಟ್ಟೆ ಇರಲಿ. ಹತ್ತಿರದಲ್ಲಿ ನಿಮ್ಮ ಅಜ್ಜಿ ಮನೆ ಇದ್ದರೆ, ಬ್ಯಾಟರಿ ಸ್ವಲ್ಪ ಉಳಿಸಿಕೊಳ್ಳಿ.